ಧ್ರುವದ ಚಳಿಗಾಲ ಮತ್ತು ಪುಟ್ಟ ಸಸ್ಯಾಹಾರಿ ಡೈನೋಸಾರ್‌ಗಳು

1961ರಲ್ಲಿ ಶೆಲ್ ಕಂಪನಿಯ ಭೂವಿಜ್ಞಾನಿ ರಾಬರ್ಟ್ ಲಿಸ್ಕಮ್ ಅಲಾಸ್ಕದ ಕೊಲ್ವಿಲ್ ನದಿಯ ದಂಡೆಯಲ್ಲಿ ಹೆಕ್ಕಿದ ಮೂಳೆಗಳು ಡೈನೋಸಾರ್‌ಗಳವು ಎಂದು ಗುರುತಿಸಲು ಎರಡು ದಶಕಗಳೇ ಬೇಕಾದವು. ಗುರುತು ಸಿಕ್ಕ ಮೇಲೂ, ಧ್ರುವದ ಕತ್ತಲ ಚಳಿಗಾಲವನ್ನು ಅವು ಹೇಗೆ ಕಳೆದವು ಎಂಬ ಪ್ರಶ್ನೆಗೆ, ಆ ದೊಡ್ಡ ಪ್ರಾಣಿಗಳು ಬೇಸಿಗೆಯಲ್ಲಿ ಮೇಯಲು ಬಂದು ಚಳಿಗಾಲಕ್ಕೆ ಮುನ್ನ ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದಿರಬೇಕು ಎಂಬ ವಿವರಣೆ ಅನೇಕರಿಗೆ ಸಮಾಧಾನ ತಂದಿತ್ತು.

ಆ ವಿವರಣೆಗೆ ತೊಡಕಾದದ್ದು ಭೂಮಿಯ ಇನ್ನೊಂದು ತುದಿ. ಪಳೆಯುಳಿಕೆ ವಿಜ್ಞಾನಿಗಳಾದ ಟಾಮ್ ರಿಚ್ ಮತ್ತು ಪೆಟ್ರೀಷಿಯಾ ವಿಕರ್ಸ್-ರಿಚ್ ದಂಪತಿಯ ನೇತೃತ್ವದಲ್ಲಿ 1984ರಿಂದ 1994ರವರೆಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಕರಾವಳಿಯ 'ಡೈನೋಸಾರ್ ಕೋವ್' ಎಂಬಲ್ಲಿ ಉತ್ಖನನ ನಡೆಯಿತು. ಬಂಡೆ ಎಷ್ಟು ಗಟ್ಟಿಯಾಗಿತ್ತೆಂದರೆ ಗಣಿಗಾರರಂತೆ ಸಿಡಿಮದ್ದು ಇಟ್ಟು ಸುರಂಗ ಕೊರೆಯಬೇಕಾಯಿತು. ಸುಮಾರು 10 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾಕ್ಕೆ ಹತ್ತಿಕೊಂಡಿದ್ದ ಈ ನೆಲ ಧ್ರುವವೃತ್ತದ ಒಳಗಿತ್ತು, ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮೂಡುತ್ತಿರಲಿಲ್ಲ. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಎರಡು ಕಾಲಿನ ಮೇಲೆ ಓಡಾಡುತ್ತಿದ್ದ ಪುಟ್ಟ ಸಸ್ಯಾಹಾರಿಗಳ ಮೂಳೆಗಳು. ಇಷ್ಟು ಸಣ್ಣ ಪ್ರಾಣಿ ವರ್ಷವರ್ಷವೂ ಸಾವಿರಾರು ಕಿಲೋಮೀಟರ್ ನಡೆದು ಬಂದಿರಲಾರದು ಎಂಬ ಸರಳ ತರ್ಕವೇ, ನನ್ನ ದೃಷ್ಟಿಯಲ್ಲಿ, ಇಡೀ ಚರ್ಚೆಯ ತಿರುವು.

1989ರಲ್ಲಿ ಇವುಗಳಲ್ಲೊಂದಕ್ಕೆ ರಿಚ್ ದಂಪತಿ ತಮ್ಮ ಮಗಳ ಹೆಸರಿನಿಂದ 'ಲಿಯೆಲಿನಾಸಾರಾ' ಎಂದು ಹೆಸರಿಟ್ಟರು. ತಲೆಬುರುಡೆಯೊಳಗೆ ಉಳಿದಿದ್ದ ಅದರ ಮೆದುಳಿನ ಆಕಾರದ ಅಚ್ಚಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಭಾಗ ದೊಡ್ಡದಾಗಿ ಕಂಡದ್ದರಿಂದ, ದೀರ್ಘ ಕತ್ತಲೆಗೆ ಹೊಂದಿಕೊಂಡ ಕಣ್ಣು ಅದಕ್ಕಿತ್ತು ಎಂದು ವಾದಿಸಲಾಯಿತು. ಆದರೆ ಆ ತಲೆಬುರುಡೆ ಎಳೆಯ ಪ್ರಾಣಿಯದು, ಮತ್ತು ಎಳೆಯ ಪ್ರಾಣಿಗಳಲ್ಲಿ ಕಣ್ಣು ಹೇಗೂ ದೊಡ್ಡದಾಗಿರುತ್ತದೆ ಎಂಬ ಆಕ್ಷೇಪ ಬಂತು. ಮೂಳೆಯ ಸಾಕ್ಷ್ಯಕ್ಕೂ ಇದೇ ಗತಿಯಾಯಿತು. ಈ ಪುಟ್ಟ ಸಸ್ಯಾಹಾರಿಗಳ ಮೂಳೆಯಲ್ಲಿ ಬೆಳವಣಿಗೆ ನಿಂತುದನ್ನು ಸೂಚಿಸುವ ಗೆರೆಗಳಿಲ್ಲ, ಆದ್ದರಿಂದ ಅವು ಚಳಿಗಾಲವಿಡೀ ಚಟುವಟಿಕೆಯಿಂದಿದ್ದವು ಎಂದು 1998ರಲ್ಲಿ ಅನುಸೂಯಾ ಚಿನ್‌ಸಾಮಿ ಮತ್ತು ರಿಚ್ ದಂಪತಿ ಬರೆದರು. 2011ರ ಅಧ್ಯಯನವೊಂದು ಇಂಥ ಪ್ರಾಣಿಗಳಲ್ಲೂ ಆ ಗೆರೆಗಳನ್ನು ತೋರಿಸಿತು. ಬೆಚ್ಚಗಿನ ನಾಡಿನ ಡೈನೋಸಾರ್‌ಗಳಲ್ಲೂ ಅವು ಇರುವುದರಿಂದ, ಚಳಿಗಾಲವನ್ನು ಹೇಗೆ ಕಳೆದವು ಎಂಬುದನ್ನು ಗೆರೆಗಳಿಂದ ನಿರ್ಧರಿಸಲಾಗದು.

ಅಲ್ಲೇ ಉಳಿದಿದ್ದವು ಎಂಬ ಮೂಲ ವಾದ ಮಾತ್ರ ಬಲಗೊಳ್ಳುತ್ತಲೇ ಬಂದಿದೆ. 2021ರಲ್ಲಿ ಪ್ಯಾಟ್ರಿಕ್ ಡ್ರಕೆನ್‌ಮಿಲರ್ ಮತ್ತು ಸಂಗಡಿಗರು ಅದೇ ಅಲಾಸ್ಕದ ಪದರಗಳಿಂದ, ಪುಟ್ಟ ಸಸ್ಯಾಹಾರಿಗಳೂ ಸೇರಿದಂತೆ ಏಳು ಬಗೆಯ ಡೈನೋಸಾರ್‌ಗಳ ಆಗತಾನೆ ಮೊಟ್ಟೆಯೊಡೆದ ಅಥವಾ ಇನ್ನೂ ಒಡೆಯದ ಮರಿಗಳ ಹಲ್ಲು, ಮೂಳೆಗಳನ್ನು ವರದಿ ಮಾಡಿದರು. ಕೆಲವು ಡೈನೋಸಾರ್‌ಗಳ ಮೊಟ್ಟೆ ಮರಿಯಾಗಲು ಸುಮಾರು ಆರು ತಿಂಗಳು ಹಿಡಿಯುತ್ತಿತ್ತು. ವಸಂತದಲ್ಲಿ ಇಟ್ಟ ಮೊಟ್ಟೆ ಒಡೆಯುವ ಹೊತ್ತಿಗೆ ಚಳಿಗಾಲ ಹತ್ತಿರವಾಗಿರುತ್ತಿದ್ದುದರಿಂದ, ಆ ಮರಿಗಳಿಗೆ ದಕ್ಷಿಣದ ದಾರಿ ಹಿಡಿಯಲು ಸಮಯವೇ ಇರುತ್ತಿರಲಿಲ್ಲ.