ಪ್ರೊಫೇನ್ ಅಂದರೆ ಮೈಲಿಗೆ ಅಲ್ಲ

ಜರ್ಮನಿಯ ಯಾವುದಾದರೂ ಚರ್ಚ್ ಶಿಶುವಿಹಾರವೋ ಸಭಾಂಗಣವೋ ಆದ ಸುದ್ದಿ ಕನ್ನಡದಲ್ಲಿ ಬಂದರೆ, ಜೊತೆಗೆ ಒಂದು ಮಾತು ಬಂದೇ ಬರುತ್ತದೆ: 'ಅಪವಿತ್ರಗೊಳಿಸಿದ ಚರ್ಚ್'. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಯಾರೋ ನುಗ್ಗಿ ಹೊಲಸು ಮಾಡಿದರು ಅನ್ನುವ ಧಾಟಿ. ಆದರೆ ಅಲ್ಲಿ ಆದದ್ದು ಅದಲ್ಲ. ಬಿಷಪ್ಪರೇ ಆದೇಶ ಹೊರಡಿಸಿದ್ದಾರೆ, ಕೊನೆಯ ಬಲಿಪೂಜೆ (ಮಾಸ್) ನಡೆದಿದೆ, ಪರಮ ಪ್ರಸಾದವನ್ನು (ಕ್ರಿಸ್ತನ ದೇಹವೆಂದು ನಂಬುವ ರೊಟ್ಟಿಯನ್ನು) ಬೇರೆ ಚರ್ಚಿಗೆ ಒಯ್ದಿದ್ದಾರೆ, ಸದಾ ಉರಿಯುತ್ತಿದ್ದ ದೀಪವನ್ನು ಆರಿಸಿದ್ದಾರೆ. ಇದರಲ್ಲಿ ಅಪವಿತ್ರ ಏನು ಬಂತು?

ಜರ್ಮನ್ ಕ್ಯಾಥೊಲಿಕರು ಇದಕ್ಕೆ 'ಪ್ರೊಫನಿಯರುಂಗ್' ಅನ್ನುತ್ತಾರೆ. ಮೂಲ ಲ್ಯಾಟಿನ್. 'ಫಾನುಮ್' ಅಂದರೆ ಗುಡಿ, 'ಪ್ರೊ' ಅಂದರೆ ಎದುರಿಗೆ. ಗುಡಿಯ ಎದುರಿಗೆ, ಅಂದರೆ ಹೊಸ್ತಿಲಿನ ಆಚೆ ಇರುವುದೆಲ್ಲ 'ಪ್ರೊಫಾನುಸ್', ಇಂಗ್ಲಿಷಿನಲ್ಲಿ 'ಪ್ರೊಫೇನ್'. ಅಷ್ಟೇ. ಸಂತೆ ಪ್ರೊಫೇನ್, ಅಡುಗೆಮನೆ ಪ್ರೊಫೇನ್, ನೀವು ಇದನ್ನು ಓದುತ್ತಿರುವ ಫೋನೂ ಪ್ರೊಫೇನ್. ಬೈಗುಳ ಇಲ್ಲ, ಕೊಳಕೂ ಇಲ್ಲ. (ಅದೇ 'ಫಾನುಮ್'ನಿಂದ 'ಫೆನಟಿಕ್' ಕೂಡ ಹುಟ್ಟಿತು. ಗುಡಿಯಲ್ಲಿ ಮೈಮೇಲೆ ಬಂದವನು ಅಂತ ಅದರ ಹಳೇ ಅರ್ಥ.) ಆಮೇಲೆ ಇಂಗ್ಲಿಷಿನಲ್ಲಿ 'ಪ್ರೊಫೇನ್' ಅಂದರೆ ಹೊಲಸು ಮಾತು ಅನ್ನುವ ಅರ್ಥವೂ ಬಂತು. ನಮ್ಮವರು ಅದನ್ನೇ ಹಿಡಿದುಕೊಂಡು ಸೀದಾ 'ಅಪವಿತ್ರ'ಕ್ಕೆ ಹೋಗಿಬಿಟ್ಟರು.

ತಮಾಷೆ ಅಂದರೆ, ಈ ಗೊಂದಲ ಬೇಡ ಅಂತಲೇ ಕ್ಯಾಥೊಲಿಕ್ ಚರ್ಚಿನ ಕಾನೂನು ಎರಡನ್ನೂ ಬೇರೆ ಬೇರೆ ಇಟ್ಟಿದೆ. 1983ರ ಸಂಹಿತೆಯ 1211ನೇ ನಿಯಮ ಓದಿ. ಚರ್ಚಿನೊಳಗೆ ಭಕ್ತರ ಮನಸ್ಸಿಗೆ ಆಘಾತವಾಗುವಂಥ ಘೋರ ಕೃತ್ಯ ನಡೆದರೆ ಅದಕ್ಕೆ ಕಳಂಕ ತಟ್ಟುತ್ತದೆ. ಪ್ರಾಯಶ್ಚಿತ್ತದ ವಿಧಿ ಮಾಡಿದ ಮೇಲೆ ಮತ್ತೆ ಪೂಜೆ ಶುರು. ನಮ್ಮ 'ಅಪವಿತ್ರ'ಕ್ಕೆ ಹತ್ತಿರ ಬರುವುದು ಇದು. 1222ನೇ ನಿಯಮವೇ ಬೇರೆ. ಚರ್ಚನ್ನು ಪೂಜೆಗೆ ಬಳಸಲು ಆಗುವುದೇ ಇಲ್ಲ, ದುರಸ್ತಿಗೂ ದಾರಿಯಿಲ್ಲ, ಅಥವಾ ಬೇರೆ ಗಂಭೀರ ಕಾರಣ ಇದೆ ಅಂದಾಗ, ಬಿಷಪ್ಪರು ಅದನ್ನು 'ಪ್ರೊಫೇನ್, ಆದರೆ ಹೊಲಸಲ್ಲದ' ಬಳಕೆಗೆ ಬಿಟ್ಟುಕೊಡಬಹುದು. ಹೊಲಸಲ್ಲದ ಅಂತ ನಿಯಮದಲ್ಲೇ ಇದೆ! ಪ್ರೊಫೇನ್ ಅಂದರೇ ಹೊಲಸು ಅಂತಾಗಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಕಳಂಕ ತಟ್ಟಿದ ಚರ್ಚ್ ಚರ್ಚಾಗಿಯೇ ಉಳಿಯುತ್ತದೆ. ಪ್ರೊಫೇನ್ ಆದದ್ದು ಚರ್ಚ್ ಆಗಿ ಉಳಿಯುವುದಿಲ್ಲ, ಆದರೆ ಅದಕ್ಕೆ ಕಳಂಕವೂ ಇಲ್ಲ. ನಾವು ಗಣೇಶನ ಹಬ್ಬದಲ್ಲಿ ಉದ್ವಾಸನೆ ಮಾಡಿ ಮೂರ್ತಿಯನ್ನು ಸ್ವಲ್ಪ ಕದಲಿಸುತ್ತೇವಲ್ಲ, ಆಗ ಗಣೇಶ ಮೈಲಿಗೆಯಾದ ಅಂತ ಯಾರಾದರೂ ಅನ್ನುತ್ತಾರಾ?

ಪ್ರೊಫೇನ್ ಅನ್ನುವ ಪದ ಜಾಸ್ತಿ ಅಂಟಿಕೊಂಡಿರುವುದು ಹಳೇ ಗೋಥಿಕ್ ಚರ್ಚುಗಳಿಗಲ್ಲ, ಎರಡನೇ ಮಹಾಯುದ್ಧದ ನಂತರ ಕಟ್ಟಿದ ಇಟ್ಟಿಗೆ, ಕಾಂಕ್ರೀಟಿನ ಚರ್ಚುಗಳಿಗೆ. ರೂರ್ ಗಣಿ ಪ್ರದೇಶದಲ್ಲಿ 1958ರಲ್ಲಿ ಎಸ್ಸೆನ್ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಶುರುವಾದಾಗ ಎಲ್ಲರಿಗೂ ಹತ್ತಿರದಲ್ಲೇ ಚರ್ಚ್ ಬೇಕು ಅಂತ ಸಾಲುಸಾಲಾಗಿ ಕಟ್ಟಿದರು. ಮನೆಯ ಚಪ್ಪಲಿಯಲ್ಲೇ ಹೋಗಿಬರಬಹುದು ಅಂತ ಜನ ಅವನ್ನು 'ಚಪ್ಪಲಿ ಚರ್ಚ್' ಅಂದರು. ಆಮೇಲೆ ಗಣಿಗಳು ಮುಚ್ಚಿದವು, ಜನ ಕಡಿಮೆಯಾದರು, ಸದಸ್ಯರು ಚರ್ಚಿಗೆ ಕಟ್ಟುವ ತೆರಿಗೆಯೂ ಇಳಿಯಿತು. 2006ರ ಸುಮಾರಿಗೆ ಅದೇ ಧರ್ಮಪ್ರಾಂತ್ಯ 96 ಚರ್ಚುಗಳನ್ನು ಕೈಬಿಡಲು ತೀರ್ಮಾನಿಸಿತು. ಅಲ್ಲೇ ಇರುವ ಬೊಟ್ರೋಪ್‌ನಲ್ಲಿ ವಾಸ್ತುಶಿಲ್ಪಿ ರುಡಾಲ್ಫ್ ಶ್ವಾರ್ಟ್ಸ್ 1957ರಲ್ಲಿ ಮುಗಿಸಿದ ಹೋಲಿ ಕ್ರಾಸ್ ಚರ್ಚ್ ಈಗ ಸಂಗೀತ, ಕಲೆಗಳ ಜಾಗ. ಅದರ ಇಟ್ಟಿಗೆ ಗೋಡೆ ಪ್ಯಾರಾಬೋಲಾದಂತೆ ಬಾಗಿದೆ.

ನನಗೆ ಇಷ್ಟವಾದದ್ದು ಮ್ಯೂನ್‌ಸ್ಟರ್‌ನ ಸೇಂಟ್ ಸೆಬಾಸ್ಟಿಯನ್. 1962ರದು. ಅಂಡಾಕಾರದ ಇಟ್ಟಿಗೆ ಗೋಡೆ, ಅದರಲ್ಲಿ ಸಾಲುಸಾಲು ಪುಟ್ಟ ಚೌಕ ಕಿಟಕಿಗಳು, ಒಳಗೆ ಕಂಬಗಳ ಅಡ್ಡಿಯಿಲ್ಲದ ಒಂದೇ ಹಜಾರ. 2008ರಲ್ಲಿ ಪ್ರೊಫೇನ್ ಆಯಿತು. 2013ರ ಹೊತ್ತಿಗೆ ಅದೇ ಊರಿನ ಬೋಲೆಸ್ ವಿಲ್ಸನ್ ವಾಸ್ತುಶಿಲ್ಪ ಕಚೇರಿ ಅದನ್ನು ಶಿಶುವಿಹಾರ ಮಾಡಿತು. ಗೋಡೆಯನ್ನು ಹಾಗೇ ಬಿಟ್ಟು ಮಕ್ಕಳ ಕೋಣೆಗಳನ್ನು ಒಳಗೆ ಕೂರಿಸಿದರು. ಆ ಕೋಣೆಗಳ ಮೇಲ್ಗಡೆ, ಚರ್ಚಿನದೇ ಸೂರಿನ ಕೆಳಗೆ, ಹಸಿರು ನೆಲದ ಆಟದ ಜಾಗ. ಮಳೆ ಬಂದರೂ ಮಕ್ಕಳು ಅಲ್ಲಿ ಓಡಾಡಬಹುದು. ಕೆತ್ತನೆ, ಬಲಿಪೀಠಗಳಿಂದ ತುಂಬಿದ ಹಳೇ ಚರ್ಚಿನಲ್ಲಿ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಬೋಳು ಗೋಡೆ ಅಂತ ಆಗ ಬೈಸಿಕೊಂಡ ಶೈಲಿಯೇ ಈಗ ಅನುಕೂಲವಾಯಿತು. ಇಂಥದ್ದನ್ನು 'ಅಪವಿತ್ರ ಚರ್ಚಿನಲ್ಲಿ ಮಕ್ಕಳು' ಅಂತ ಬರೆದವರಿಗೆ ಏನು ಹೇಳೋಣ? ಸುಮ್ನೆ 'ಚರ್ಚ್ ಆಗಿದ್ದ ಕಟ್ಟಡ' ಅಂದರೆ ಸಾಕಿತ್ತು. ಶಾಸ್ತ್ರೀಯವಾಗಿಯೇ ಬೇಕೆಂದರೆ 'ಲೌಕಿಕ ಬಳಕೆಗೆ ಬಿಟ್ಟ' ಅನ್ನಿ.

ಬೇರೆ ಬಳಕೆ ಶುರುವಾದ ಚರ್ಚುಗಳೆಲ್ಲ ಪ್ರೊಫೇನ್ ಅಂತಲೂ ತಿಳಿಯಬೇಡಿ. ಕೊಲೋನ್‌ನ ಎಹ್ರೆನ್‌ಫೆಲ್ಡ್‌ನಲ್ಲಿರುವ ಸೇಂಟ್ ಬಾರ್ತೊಲೊಮೇಯಸ್ ಚರ್ಚಿನಲ್ಲಿ 2014ರಿಂದ ಚಿತಾಭಸ್ಮದ ಕಲಶಗಳನ್ನು ಇಡುತ್ತಾರೆ. ಬಳಕೆ ಬದಲಾಯಿತು, ಪ್ರಾರ್ಥನೆ ನಿಲ್ಲಲಿಲ್ಲ.

ಇನ್ನು ಹ್ಯಾಂಬರ್ಗ್‌ನ ಕಪೆರ್ನಾಉಮ್ ಚರ್ಚಿನ ವಿಷಯ. ಅದು 1961ರದು. 2002ರಲ್ಲಿ ಮುಚ್ಚಿತು, 2018ರಲ್ಲಿ ಅಲ್ ನೂರ್ ಮಸೀದಿಯಾಗಿ ತೆರೆಯಿತು. ನಮ್ಮಲ್ಲಿ ಇದನ್ನೂ ಪ್ರೊಫೇನ್ ಪಟ್ಟಿಗೆ ಸೇರಿಸುವವರಿದ್ದಾರೆ. ಆದರೆ ಅದು ಪ್ರೊಟೆಸ್ಟಂಟ್ ಚರ್ಚ್. ಕಟ್ಟಡಕ್ಕೇ ಪಾವಿತ್ರ್ಯ ಇದೆ ಅಂತ ಅವರು ನಂಬುವುದಿಲ್ಲ. ಆರಾಧನೆಗೆ ಮೀಸಲಿಟ್ಟದ್ದನ್ನು ಹಿಂತೆಗೆದುಕೊಳ್ಳುತ್ತಾರೆ, ಅಷ್ಟೇ. ಅದಕ್ಕೆ ಅವರು ಬಳಸುವ ಪದ 'ಎಂಟ್‌ವಿಡ್ಮುಂಗ್'.