ಕಾಫಿ ಕೂಟದಲ್ಲಿ ಸೇರಿದ ಹಣ ಯಾರಿಗೆ ತಲುಪಬೇಕು?

ಪ್ರಶ್ನೆ: ನಾವು ತುಮಕೂರಿನ ಒಂದು ಬಡಾವಣೆಯ ಮಹಿಳೆಯರು. ಒಂದು ಬೆಳಿಗ್ಗೆ ನೆರೆಹೊರೆಯವರನ್ನೆಲ್ಲ ಕಾಫಿಗೆ ಕರೆದು, ಅಲ್ಲಿ ಸೇರುವ ಹಣವನ್ನು ಕ್ಯಾನ್ಸರ್ ರೋಗಿಗಳಿಗೆ ಕೊಡಬೇಕೆಂದು ಯೋಚಿಸಿದ್ದೇವೆ. ನಮ್ಮ ಸಂಘ ನೋಂದಣಿಯಾಗಿಲ್ಲ. ಕೂಟವನ್ನು ಹೇಗೆ ನಡೆಸಬೇಕು, ಹಣವನ್ನು ಯಾರಿಗೆ ಕೊಡುವುದು ಸೂಕ್ತ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು, ಕಾಫಿಗೆ ಕರೆಯುವ ಮುನ್ನವೇ ಅದು ತೀರ್ಮಾನವಾಗಿರಬೇಕು. ಇಂಗ್ಲೆಂಡಿನಲ್ಲಿ 1911ರಲ್ಲಿ ಹುಟ್ಟಿದ ಮ್ಯಾಕ್‌ಮಿಲನ್ ಎಂಬ ಕ್ಯಾನ್ಸರ್ ನೆರವಿನ ಸಂಸ್ಥೆ 1990ರ ದಶಕದ ಆರಂಭದಿಂದ ಇಂಥ ಕಾಫಿ ಕೂಟಗಳನ್ನು ದೇಶದ ತುಂಬ ನಡೆಸುತ್ತ ಬಂದಿದೆ. ಅಲ್ಲಿ ಮನೆಮನೆಯಲ್ಲಿ ಸೇರಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಕರೆದವರಿಗೂ ಬಂದವರಿಗೂ ಮೊದಲೇ ತಿಳಿದಿರುತ್ತದೆ. ನೀವೂ ಆಮಂತ್ರಣದಲ್ಲೇ ಅದನ್ನು ಬರೆದರೆ ಜನ ನಂಬಿ ಕೊಡುತ್ತಾರೆ.

ನಮ್ಮ ಜಿಲ್ಲೆಯ ರೋಗಿಗೆ ಯಾವ ಖರ್ಚು ಭಾರವಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಹೀಗಾಗಿ ಎಷ್ಟೋ ಬಡ ಕುಟುಂಬಗಳಿಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್‌ಗಳ ಬಿಲ್ಲಿಗಿಂತ ಅವುಗಳ ಸುತ್ತಲಿನ ಖರ್ಚೇ ದೊಡ್ಡದಾಗುತ್ತದೆ. ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೊಡುವ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು 6 ವಾರ ನಡೆಯುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ತುಮಕೂರು ನಗರದಿಂದ ದಿನವೂ ಹೋಗಿ ಬರುವುದೇ ಕಷ್ಟವಾಗಿರುವಾಗ, ಪಾವಗಡದ ಕಡೆಯ ಹಳ್ಳಿಯವರು ಅಲ್ಲೇ ಎಲ್ಲಾದರೂ ಉಳಿದುಕೊಳ್ಳದೆ ಗತ್ಯಂತರವಿಲ್ಲ. ಶಕ್ತಿ ಯೋಜನೆಯಿಂದ ಮಹಿಳಾ ರೋಗಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಬೇಕಿಲ್ಲ, ಆದರೆ ಜೊತೆಗೆ ಹೋಗುವ ಗಂಡನೋ ಮಗನೋ ಕೊಡಲೇಬೇಕು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಒಬ್ಬ ಜೊತೆಗಾರರಿಗೂ ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆ ಕೊಡುವ ಪ್ರಮಾಣಪತ್ರ ಬೇಕೆಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಜೊತೆಗಾರರ ಕೂಲಿ ತಪ್ಪುವುದು, ಊಟ, ಕೋಣೆಯ ಬಾಡಿಗೆ, ನುಂಗಲಾಗದ ರೋಗಿಗೆ ಹಾಲು, ಮೊಟ್ಟೆ, ಪೌಷ್ಟಿಕ ಪುಡಿ — ಇವನ್ನೆಲ್ಲ ಯಾವ ಕಾರ್ಡೂ ಭರಿಸುವುದಿಲ್ಲ. ಆದ್ದರಿಂದ ಒಂದು ಬೆಳಗಿನ ಕಾಫಿಯಲ್ಲಿ ಸೇರುವಷ್ಟು ಹಣ ಲಕ್ಷಾಂತರದ ಬಿಲ್ಲಿನಲ್ಲಿ ಕರಗಿಹೋಗುವುದಕ್ಕಿಂತ ಇಂಥ ಖರ್ಚಿಗೆ ಮೀಸಲಾಗುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಣವಾಗುವ ಹಂತ ದಾಟಿದವರ ಆರೈಕೆಗೆ ಕೊಡಬೇಕೆಂದರೆ, ರೋಗಿಗಳಿಂದ ಶುಲ್ಕ ಪಡೆಯದೆ ಉಪಶಾಮಕ ಆರೈಕೆ ನೀಡುತ್ತಿರುವ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳಿವೆ.

ಇನ್ನು ಕೊಡುವ ರೀತಿ. ನೋಂದಣಿಯಿಲ್ಲದ ಸಂಘ ಹಣವನ್ನು ಯಾರೋ ಒಬ್ಬ ಸದಸ್ಯೆಯ ಸ್ವಂತ ಖಾತೆಗೆ ಹಾಕಿಸಿಕೊಂಡರೆ, ಆಕೆ ಎಷ್ಟೇ ಪ್ರಾಮಾಣಿಕರಾಗಿದ್ದರೂ ಮುಂದೊಂದು ದಿನ ಮಾತು ಬರುತ್ತದೆ. ಆರಿಸಿಕೊಂಡ ಸಂಸ್ಥೆಗೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆದು, ಅವರದೇ ಕ್ಯೂಆರ್ ಕೋಡನ್ನು ಮೇಜಿನ ಮೇಲೆ ಇಟ್ಟರೆ ಹಣ ನೇರವಾಗಿ ಅಲ್ಲಿಗೇ ಹೋಗುತ್ತದೆ, ರಸೀದಿಯೂ ಕೊಟ್ಟವರ ಹೆಸರಿಗೇ ಬರುತ್ತದೆ. 80ಜಿ ಎಂದು ಪರಿಚಿತವಾದ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಸಿಗುತ್ತದೆ, ಅದರಲ್ಲೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಸಿಗುವುದಿಲ್ಲ ಎಂಬುದನ್ನು ಕೇಳಿದವರಿಗೆ ಹೇಳಿ. ವಿದೇಶಿ ಪೌರತ್ವ ಪಡೆದ ಬಂಧುಗಳು ಹಣ ಕಳಿಸುತ್ತೇವೆಂದರೆ ನೀವು ಪಡೆಯಬೇಡಿ. ಅಂಥ ದೇಣಿಗೆಯನ್ನು ವಿದೇಶಿ ದೇಣಿಗೆ ಕಾನೂನಿನಡಿ ಅನುಮತಿ ಇರುವ ಸಂಸ್ಥೆ ಮಾತ್ರ ಸ್ವೀಕರಿಸಬಹುದು. ನಿಮ್ಮ ಬೀದಿಯ ಒಬ್ಬ ರೋಗಿಗೇ ಕೊಡಬೇಕೆಂದಿದ್ದರೆ ಮನೆಯವರ ಒಪ್ಪಿಗೆ ಪಡೆದು, ಕೋಣೆಯ ಬಾಡಿಗೆಯನ್ನೋ ಔಷಧಿ ಅಂಗಡಿಯ ಬಿಲ್ಲನ್ನೋ ನೇರವಾಗಿ ಕಟ್ಟಿ, ಅದರ ಚೀಟಿಯನ್ನು ಇಟ್ಟುಕೊಳ್ಳಿ.

ಕೂಟಕ್ಕೆ ಭಾನುವಾರ ಬೆಳಿಗ್ಗೆ, ತಿಂಡಿ ಮುಗಿದು ಅಡುಗೆಗೆ ಇಳಿಯುವ ನಡುವಿನ ಹೊತ್ತು ಅನುಕೂಲ. ಇಂಗ್ಲೆಂಡಿನವರು ತಮ್ಮ ಕಾಫಿ ಕೂಟಕ್ಕೆ ಆರಿಸಿಕೊಂಡ ಸೆಪ್ಟೆಂಬರ್ ಕೊನೆಯ ಶುಕ್ರವಾರ ನಮ್ಮಲ್ಲಿ ಹಲವು ವರ್ಷ ಪಿತೃಪಕ್ಷಕ್ಕೋ ದಸರೆಗೋ ತಾಗುವುದರಿಂದ, ವಿಶ್ವ ಕ್ಯಾನ್ಸರ್ ದಿನವಾದ ಫೆಬ್ರವರಿ 4ರ ಆಸುಪಾಸಿನ ಭಾನುವಾರವನ್ನು ನೋಡಬಹುದು. ನೂರು ಸಣ್ಣ ಲೋಟಕ್ಕೆ ಸುಮಾರು 8 ಲೀಟರ್ ಹಾಲು, 1 ಕಿಲೋದಷ್ಟು ಕಾಫಿಪುಡಿ, 1 ಕಿಲೋಗೆ ತುಸು ಮೇಲೆ ಸಕ್ಕರೆ ಸಾಕು. ಡಿಕಾಕ್ಷನ್ ಮುಂಚೆಯೇ ಇಳಿಸಿ, ಸಕ್ಕರೆಯನ್ನು ಬೇರೆ ಇಡಿ. ಹಾಲು, ಪುಡಿ, ಕೋಡುಬಳೆ, ನಿಪ್ಪಟ್ಟುಗಳನ್ನು ಸದಸ್ಯೆಯರೇ ಹಂಚಿಕೊಂಡು ತಂದು, ದಾನದ ಹಣದಿಂದ ಒಂದು ರೂಪಾಯಿಯನ್ನೂ ಕೂಟದ ಖರ್ಚಿಗೆ ತೆಗೆಯದಿರುವುದು ಬಹಳ ಮುಖ್ಯ. ಲೋಟಕ್ಕೆ ಇಷ್ಟು ಎಂದು ದರ ಕಟ್ಟಬೇಡಿ. ಹತ್ತು ರೂಪಾಯಿ ಹಾಕುವ ಹೂವಿನಾಕೆಯೂ ಸಂಕೋಚವಿಲ್ಲದೆ ಬಂದು ಕೂರುವಂತಿರಬೇಕು. ಟಿಕೆಟ್ ಮಾರಿ ಬಹುಮಾನಕ್ಕೆ ಚೀಟಿ ಎತ್ತುವ ಯೋಚನೆ ಬೇಡ, ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಅದರ ಬದಲು ಜಾತ್ರೆಯಲ್ಲಿ ದೇವರ ಹಣ್ಣುಕಾಯಿ ಹರಾಜು ಹಾಕುವಂತೆ, ಮನೆಯಲ್ಲಿ ಮಾಡಿದ ಒಂದು ಡಬ್ಬಿ ಉಪ್ಪಿನಕಾಯಿಯನ್ನೋ ಕಸೂತಿಯ ಬಟ್ಟೆಯನ್ನೋ ಹರಾಜು ಹಾಕಿದರೆ ಹಣವೂ ಸೇರುತ್ತದೆ, ನಗುವೂ ಇರುತ್ತದೆ.

ಕಾಫಿಯಿಂದಲೇ ಕ್ಯಾನ್ಸರ್ ಬರುತ್ತದೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, ಕಾಫಿಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲು ಸಾಕಷ್ಟು ಆಧಾರವಿಲ್ಲ, ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯಕಾರಿಯಾಗಿರುವ ಸಂಭವವಿದೆ ಎಂದು ಹೇಳಿತು. ಒಲೆಯಿಂದ ಇಳಿಸಿದ ಕಾಫಿಯನ್ನು ಸ್ವಲ್ಪ ಆರಿಸಿ ಕೊಡಿ. ಅದೇ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದರಿಂದ, ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಹೇಳಲು ಕಷ್ಟವಾದರೂ ಹೇಳುತ್ತೇನೆ, ಅಂದು ಅರಿಶಿನ-ಕುಂಕುಮದ ಜೊತೆ ತಾಂಬೂಲದ ಬದಲು ಹೂವು-ಹಣ್ಣು ಕೊಡಿ.

ಕ್ಯಾನ್ಸರಿಗೆ ನಾಟಿ ಔಷಧಿಯಿದೆ ಎಂದು ಕರಪತ್ರ ಹಿಡಿದು ಬರುವವರಿಗೆ ಮೇಜು ಕೊಡಬೇಡಿ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಆ ಜಾಗದಲ್ಲಿ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೂರಿಸಿ, 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ನಡೆಯುವುದನ್ನು ತಿಳಿಸಲು ಹೇಳಿ. ಹಣ ಹೆಚ್ಚು ಸೇರಲೆಂದು ರೋಗಿಯನ್ನು ಎಲ್ಲರೆದುರು ನಿಲ್ಲಿಸುವುದಾಗಲೀ, ಅವರ ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ಹರಿಬಿಡುವುದಾಗಲೀ ಕೂಡದು. ಚಿಕಿತ್ಸೆ ಮುಗಿಸಿ ಬಂದವರು ತಾವಾಗಿಯೇ ಮಾತಾಡಿದರೆ ಕೇಳಿ. ಸುಮ್ಮನೆ ಕಾಫಿ ಕುಡಿದು ಹೋದರೂ ಸಂತೋಷ.

ನಗದು ಪೆಟ್ಟಿಗೆಯನ್ನು ಅಂದೇ, ಬಂದವರ ಎದುರಿನಲ್ಲೇ ಇಬ್ಬರು ಎಣಿಸಿ ಸಹಿ ಹಾಕಲಿ. ಆ ಹಣವನ್ನು ಸೋಮವಾರವೇ ಸಂಸ್ಥೆಯ ಖಾತೆಗೆ ಕಟ್ಟಿ, ರಸೀದಿಯ ಪ್ರತಿಯನ್ನು ಎಲ್ಲರಿಗೂ ಕಳುಹಿಸಿ. ಅದರಲ್ಲಿ ಒಟ್ಟು ಮೊತ್ತ ಇರಲಿ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಬೇಡ.