ಇಸಿಎಂ ಬದಲಿಸುವ ಮುನ್ನ ಅದು ಯಾಕೆ ಹೋಯಿತೆಂದು ನೋಡಿ

ಕಳೆದ ಬೇಸಿಗೆಯಲ್ಲಿ ಸೇಡಂ ಕಡೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ 2008ರ ಸಣ್ಣ ಪೆಟ್ರೋಲ್ ಕಾರನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಕಲಬುರಗಿಯ ನಮ್ಮ ಗ್ಯಾರೇಜಿಗೆ ತಂದಿದ್ದರು. ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಚಾಲೂ ಆಗುತ್ತಿರಲಿಲ್ಲ. ಕೀಲಿ ತಿರುವಿದ ಕೂಡಲೇ ಮೀಟರ್ ಬೋರ್ಡಿನಲ್ಲಿ ಹತ್ತಬೇಕಾದ, ಎಂಜಿನ್ನಿನ ದೋಷ ತೋರಿಸುವ ಚೆಕ್ ಲೈಟು ಹತ್ತುತ್ತಿರಲಿಲ್ಲ, ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಜೋಡಿಸಿದರೆ ಸಂಪರ್ಕವೂ ಸಿಗುತ್ತಿರಲಿಲ್ಲ. "ಕಂಪ್ಯೂಟರ್ ಹೋಗ್ಯಾದ, ಹೊಸಾದು ತರಿಸಬೇಕು ಅಂತ ಹೇಳ್ಯಾರ್ರಿ. ಅದರ ರೇಟ್ ಕೇಳಿದ್ರ ಕಾರೇ ಮಾರೋದು ಛಲೋ ಅನಸ್ತದ ನೋಡ್ರಿ" ಎಂದರು.

ಎಂಜಿನ್ನಿನ ಕಂಪ್ಯೂಟರ್, ಅಂದರೆ ನಾವು ಇಸಿಎಂ ಎನ್ನುವ ಪೆಟ್ಟಿಗೆ, ಸತ್ತಿದೆ ಎಂದು ತೀರ್ಮಾನಿಸಲು ಈ ಲಕ್ಷಣಗಳೇ ಸಾಕು ಎಂದು ಅನೇಕರು ನಂಬಿದ್ದಾರೆ. ಸಾಲುವುದಿಲ್ಲ. ಆ ಪೆಟ್ಟಿಗೆಗೆ ಬ್ಯಾಟರಿಯ 12 ವೋಲ್ಟ್ ಬರುತ್ತಿದೆಯೇ, ಅರ್ಥ್ ಸರಿಯಾಗಿದೆಯೇ, ಅದು ಸೆನ್ಸರುಗಳಿಗೆ ಕೊಡುವ 5 ವೋಲ್ಟ್ ಹೊರಗೆ ಬರುತ್ತಿದೆಯೇ ಎಂಬ ಮೂರನ್ನೂ ಮೀಟರ್ ಹಿಡಿದು ನೋಡದೆ ಯಾರೂ ಅದರ ಮೇಲೆ ತೀರ್ಪು ಕೊಡಬಾರದು. ಮಾಸ್ತರರ ಕಾರಿನಲ್ಲಿ ಮೊದಲೆರಡೂ ಸರಿಯಿದ್ದವು. ಥ್ರಾಟಲ್ ಸೆನ್ಸರಿನ ಸಾಕೆಟ್ಟಿನಲ್ಲಿ 5 ವೋಲ್ಟ್ ಇರಬೇಕಾದ ಜಾಗದಲ್ಲಿ 0.3 ಮಾತ್ರ ಇತ್ತು. ಈ 5 ವೋಲ್ಟಿನ ತಂತಿಯನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೂ ಅಷ್ಟೂ ವೋಲ್ಟೇಜ್ ನೆಲಕಚ್ಚಿ, ಕೆಲವು ಕಾರುಗಳಲ್ಲಿ ಇಸಿಎಂ ಪೂರ್ತಿ ಸತ್ತಂತೆ ಸುಮ್ಮನಾಗಿಬಿಡುತ್ತದೆ. ಆದ್ದರಿಂದ ಕೀಲಿಯನ್ನು ಆನ್ ಇಟ್ಟು ಮಾಸ್ತರರನ್ನು ಮೀಟರ್ ಬೋರ್ಡ್ ನೋಡುತ್ತಿರಲು ಹೇಳಿ, ಸೆನ್ಸರುಗಳ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತೆ. ನಾಲ್ಕನೆಯದಾಗಿ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನದನ್ನು ಕಿತ್ತಾಗ ಒಳಗಿನಿಂದ "ಬಂತ್ರಿ, ಲೈಟ್ ಬಂತು" ಎಂಬ ಕೂಗು ಕೇಳಿಸಿತು. ಸೆನ್ಸರಿನಿಂದ ಹೊರಟ ಗೇಣುದ್ದದ ವೈರು ಕ್ಲಿಪ್ಪು ಮುರಿದು ಸೈಲೆನ್ಸರ್ ಪೈಪಿನ ಮೇಲೆ ಬಿದ್ದು, ಅದರ ಹೊದಿಕೆ ಕರಗಿ ತಾಮ್ರ ಕಾಣುತ್ತಿತ್ತು. ಹೊಸ ಸೆನ್ಸರ್ ಹಾಕಿ ವೈರನ್ನು ಪೈಪಿನಿಂದ ದೂರಕ್ಕೆ ಕಟ್ಟಿದೆ. ಇಸಿಎಂ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಸ್ಕ್ಯಾನರ್ ಮಾತನಾಡದಿರುವುದಕ್ಕೂ ಇನ್ನೊಂದು ಕಾರಣ ಇರುತ್ತದೆ. ಹಲವು ಕಾರುಗಳಲ್ಲಿ ಸ್ಕ್ಯಾನರಿನ ಸಾಕೆಟ್ಟಿಗೂ ಸಿಗರೇಟ್ ಲೈಟರಿಗೂ ಒಂದೇ ಫ್ಯೂಸು. ಅಗ್ಗದ ಮೊಬೈಲ್ ಚಾರ್ಜರ್ ಚುಚ್ಚಿ ಆ ಫ್ಯೂಸು ಹಾರಿದ್ದರೆ ಸ್ಕ್ಯಾನರಿಗೆ ವಿದ್ಯುತ್ತೇ ಸಿಗುವುದಿಲ್ಲ, ಅಪವಾದ ಮಾತ್ರ ಇಸಿಎಂ ತಲೆಯ ಮೇಲೆ ಬರುತ್ತದೆ.

ಹಾಗೆಂದು ಇಸಿಎಂ ಕೆಡುವುದೇ ಇಲ್ಲ ಎಂದಲ್ಲ. ಹದಿನೈದು ಇಪ್ಪತ್ತು ವರ್ಷ ನಮ್ಮ ಭಾಗದ ಬಿಸಿಲು ಉಂಡ ಕಾರುಗಳಲ್ಲಿ ಅದು ನಿಜವಾಗಿಯೂ ಕೆಡುತ್ತದೆ. ಒಳಗಿನ ಸರ್ಕ್ಯೂಟ್ ಹಲಗೆಯ ಮೇಲಿರುವ, ಕರೆಂಟನ್ನು ಹಿಡಿದಿಡುವ ಕೆಲವು ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ, ಶಾಖ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಕೆಲಸದವರ ರೂಢಿಯ ಲೆಕ್ಕ. ಮೇ ತಿಂಗಳ 43 ಡಿಗ್ರಿಯಲ್ಲಿ ಬಾನೆಟ್ಟಿನ ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ಕೂತ ಪೆಟ್ಟಿಗೆಯ ಪಾಡನ್ನು ನೀವೇ ಊಹಿಸಿಕೊಳ್ಳಿ. ದ್ರವ ಸೋರಿದರೆ ಮುಚ್ಚಳ ತೆಗೆದ ಕೂಡಲೇ ಹಳಸಿದ ಮೀನಿನಂಥ ವಾಸನೆ ಬರುತ್ತದೆ, ಸುತ್ತಲಿನ ತಾಮ್ರದ ಗೆರೆ ಹಸಿರುಗಟ್ಟಿರುತ್ತದೆ. ಇಸಿಎಂ ಡ್ಯಾಶ್‌ಬೋರ್ಡಿನ ಕೆಳಗಿದ್ದರೆ ಶತ್ರು ಬೇರೆ: ಎಸಿಯ ನೀರು ಹೊರಹೋಗುವ ಪೈಪು ಧೂಳು ಕಟ್ಟಿ ಮುಚ್ಚಿಕೊಂಡು, ನೀರು ಒಳಗೇ ಇಳಿದು ಕನೆಕ್ಟರಿನ ಪಿನ್ನುಗಳಿಗೆ ತುಕ್ಕು ಹಿಡಿಸುತ್ತದೆ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಮಳಖೇಡದ ಕಡೆ ಓಡಾಡುವ ಕಾರುಗಳಲ್ಲಿ ಆ ಪೈಪನ್ನು ನಾನು ಕೇಳದೆಯೇ ಊದಿ ಕೊಡುತ್ತೇನೆ.

ಇನ್ನು ಮನುಷ್ಯರೇ ಕೊಲ್ಲುವ ಇಸಿಎಂಗಳ ಮಾತು. ಅಂಬಾಸಿಡರ್, ಪದ್ಮಿನಿ ಕಾಲದ ಮಿಸ್ತ್ರಿಗಳಿಗೆ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಡೈನಮೋ ಚಾರ್ಜ್ ಕೊಡುತ್ತಿದೆಯೇ ಎಂದು ನೋಡುವ ರೂಢಿಯಿತ್ತು. ಆ ಗಾಡಿಗಳಲ್ಲಿ ಸುಡುವಂಥ ಕಂಪ್ಯೂಟರ್ ಇರಲಿಲ್ಲ. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ಬ್ಯಾಟರಿಯ ಆಸರೆ ತಪ್ಪಿದ ಆಲ್ಟರ್ನೇಟರಿನ (ಡೈನಮೋ ಜಾಗಕ್ಕೆ ಬಂದದ್ದು) ವೋಲ್ಟೇಜ್ ಕ್ಷಣಾರ್ಧದಲ್ಲಿ ಹಲವು ಪಟ್ಟು ಏರಿ ಇಸಿಎಂ ಸುಡಬಹುದು. ಬ್ಯಾಟರಿ ಬಿಚ್ಚದೆ ಸೈಲೆನ್ಸರಿಗೆ ವೆಲ್ಡಿಂಗ್ ಮಾಡಿಸುವುದು, ಇನ್ನೊಂದು ಕಾರಿನಿಂದ ಕರೆಂಟ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲು ಮಾಡುವುದು ಇದೇ ಜಾತಿಯ ತಪ್ಪುಗಳು.

ಈ ಕೆಲಸದಲ್ಲಿ ನಾನು ಒತ್ತಿ ಹೇಳುವ ಮಾತು ಒಂದೇ: ಹಳೆಯ ಇಸಿಎಂ ಸುಟ್ಟ ಕಾರಣವನ್ನು ಕಂಡುಹಿಡಿಯದೆ ಹೊಸದನ್ನು ಕೂರಿಸಬೇಡಿ. ಜೇವರ್ಗಿಯ ಒಬ್ಬ ಗ್ರಾಹಕರು ಬೇರೆ ಕಡೆ ಹಾಕಿಸಿದ ಎರಡನೆಯ ಪೆಟ್ಟಿಗೆ ಮೂರೇ ದಿನದಲ್ಲಿ ಹೋದಾಗ ನನ್ನಲ್ಲಿಗೆ ಬಂದರು. ಎರಡೂ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ನೋಡಿದರೆ ಎರಡರಲ್ಲೂ ಅದೇ ಜಾಗದ ಅದೇ ಟ್ರಾನ್ಸಿಸ್ಟರ್, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ ಕರೆಂಟ್ ಹರಿಸುವಂಥದು, ಕಪ್ಪಗೆ ಸೀಳಿತ್ತು. ತಪ್ಪು ಕಾಯಿಲಿನಲ್ಲಿತ್ತು: ಒಳಗಿನ ಸುತ್ತುಗಳು ಬಿಸಿಯಾದಾಗ ಶಾರ್ಟ್ ಆಗುತ್ತಿದ್ದುದರಿಂದ, ಗ್ಯಾರೇಜಿನಲ್ಲಿ ತಣ್ಣಗಿದ್ದಾಗ ಎಲ್ಲವೂ ಸರಿ ಕಾಣಿಸಿ, ಊರು ತಲುಪುವಷ್ಟರಲ್ಲಿ ಟ್ರಾನ್ಸಿಸ್ಟರ್ ಮಿತಿಮೀರಿ ಕಾಯುತ್ತಿತ್ತು. ಆದುದರಿಂದ ಹೊಸದು ಕೂರಿಸುವ ಮುನ್ನ ಕಾಯಿಲು (ಅದನ್ನು ಬಿಸಿಯಾಗಿರುವಾಗಲೂ), ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ರೋಧವನ್ನು ಅಳೆಯಲೇಬೇಕು (ಬಹುಪಾಲು ಪೆಟ್ರೋಲ್ ಇಂಜೆಕ್ಟರುಗಳ ರೋಧ 12ರಿಂದ 16 ಓಮ್ ಒಳಗಿರುತ್ತದೆ). ಎಂಜಿನ್ ಓಡತೊಡಗಿದ ಕೂಡಲೇ ಚಾರ್ಜಿಂಗ್ 15 ವೋಲ್ಟ್ ದಾಟುತ್ತಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಸಿಎಂನ ಅರ್ಥ್ ಪಿನ್ನಿಗೂ ಹಿಡಿದು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ಕಂಡರೆ, ಮೊದಲು ತುಕ್ಕು ಹಿಡಿದ ಅರ್ಥ್ ಬೋಲ್ಟನ್ನು ಉಜ್ಜಿ ಬಿಗಿ ಮಾಡಬೇಕು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಈ ತಂತಿಗಳಿಗೆ ಮುಟ್ಟಿಸುವುದನ್ನು ಮಾತ್ರ ದಯವಿಟ್ಟು ಬಿಡಿ.

ಹೊಸ ಇಸಿಎಂ ದುಬಾರಿ. ಎಷ್ಟೋ ಹಳೆಯ ಮಾದರಿಗಳಿಗೆ ಸಿಗುವುದೂ ಇಲ್ಲ. ಹೀಗಾಗಿ ಜನ ಹೈದರಾಬಾದಿನ ಗುಜರಿಯತ್ತ ನೋಡುತ್ತಾರೆ. ಅದು ತಪ್ಪಲ್ಲ, ನಾನೂ ತರಿಸುತ್ತೇನೆ. ಆದರೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಇದರಲ್ಲಿ ನಮ್ಮ ಭಾಗದವರು ಮರೆಯುವ ಒಂದು ಸೂಕ್ಷ್ಮವಿದೆ: ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ 4 ನಿಯಮ 2010ರಲ್ಲೇ ಹೈದರಾಬಾದಿನಂಥ ಮಹಾನಗರಗಳಿಗೆ ಬಂದಿತ್ತು, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ರಂದು. ನಡುವಿನ ವರ್ಷಗಳಲ್ಲಿ ಅಲ್ಲಿ ಮಾರಾಟವಾದ ಕಾರಿಗೂ ನಮ್ಮ ಕಲಬುರಗಿಯ ಕೆಎ-32 ನಂಬರಿನ ಅದೇ ಮಾದರಿಯ ಕಾರಿಗೂ ಇಸಿಎಂ ಬೇರೆ ಇರಬಹುದು. ಪ್ಲಗ್ಗು ಸರಿಯಾಗಿ ಕೂರುತ್ತದೆ, ಎಂಜಿನ್ನೂ ಓಡುತ್ತದೆ. ಆದರೆ ಹೊಗೆ ಪೈಪಿನಲ್ಲಿ ಎರಡನೆಯ ಆಕ್ಸಿಜನ್ ಸೆನ್ಸರನ್ನು ಹುಡುಕುವ ಸ್ಟೇಜ್ 4ರ ಪೆಟ್ಟಿಗೆಯನ್ನು ಒಂದೇ ಸೆನ್ಸರಿನ ಕಾರಿಗೆ ಹಾಕಿದರೆ ಚೆಕ್ ಲೈಟು ಆರುವುದಿಲ್ಲ. ಹದಿನೈದು ವರ್ಷ ತುಂಬಿ ಮರುನೋಂದಣಿಗೆ ಹೊರಟವರು ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವುದೂ ಉಂಟು.

ನಂಬರ್ ಹೊಂದಿದರೂ ಗುಜರಿಯ ಪೆಟ್ಟಿಗೆ ನೇರವಾಗಿ ಕೆಲಸ ಮಾಡದು. ಕಳ್ಳತನ ತಡೆಯುವ ಇಮೊಬಿಲೈಸರ್ ಇರುವ ಕಾರಿನಲ್ಲಿ ಕೀಲಿಯೊಳಗಿನ ಚಿಪ್ಪು, ಕೀಲಿ ತೂರಿಸುವ ಜಾಗದ ಸುತ್ತಲಿನ ಆಂಟೆನಾ ಬಳೆ, ಇಸಿಎಂ ಇವೆಲ್ಲ ಒಂದನ್ನೊಂದು ಗುರುತು ಹಿಡಿದರೆ ಮಾತ್ರ ಎಂಜಿನ್ನಿಗೆ ಅನುಮತಿ. ಪರರ ಪೆಟ್ಟಿಗೆ ಇನ್ನೂ ತನ್ನ ಹಳೆಯ ಕಾರಿನ ಕೀಲಿಯನ್ನೇ ಕೇಳುತ್ತಿರುತ್ತದೆ. ಈ ಗುರುತು ಅನೇಕ ಇಸಿಎಂಗಳಲ್ಲಿ ಎಂಟು ಕಾಲಿನ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಮೆಮೊರಿ ಚಿಪ್ಪಿನಲ್ಲಿರುತ್ತದೆ. ಹಳೆಯ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಸುಟ್ಟಿದ್ದರೂ ಈ ಚಿಪ್ಪು ಸಾಮಾನ್ಯವಾಗಿ ಬದುಕಿರುತ್ತದೆ. ಪ್ರೋಗ್ರಾಮರ್ ಎಂಬ ಉಪಕರಣದಿಂದ ಅದನ್ನು ಓದಿ ಬದಲಿ ಪೆಟ್ಟಿಗೆಗೆ ಬರೆದರೆ ನಿಮ್ಮ ಕೀಲಿಯೇ ನಡೆಯುತ್ತದೆ. ನಾನು ಬರೆಯುವ ಮುನ್ನ ಎರಡು ಬಾರಿ ಓದಿ, ಎರಡು ಫೈಲುಗಳೂ ಒಂದೇ ಇವೆಯೇ ಎಂದು ಹೋಲಿಸುತ್ತೇನೆ. ಅವಸರದಲ್ಲಿ ತಪ್ಪು ಬರೆದು ಒಳ್ಳೆಯ ಪೆಟ್ಟಿಗೆಯೊಂದನ್ನು ನಾನೇ ಕೆಡಿಸಿದ ದಿನದಿಂದ ಈ ಅಭ್ಯಾಸ. ಹಳೆಯದು ಸತ್ತಿದೆ ಎಂದು ಅದನ್ನು ಗ್ಯಾರೇಜಿನಲ್ಲೇ ಬಿಟ್ಟು ಹೋಗುವ ಗ್ರಾಹಕರು ತಮ್ಮ ಕಾರಿನ ಗುರುತನ್ನೇ ಬಿಟ್ಟು ಹೋಗುತ್ತಿದ್ದಾರೆ. ಅದನ್ನು ಕೇಳಿ ಪಡೆದು, ಎರಡನೆಯ ಕೀಲಿಯ ಜೊತೆ ಮನೆಯಲ್ಲಿಡಿ.

ಜೋಡಿಸಿದ ಮೇಲಿನ ಕೆಲಸ ಸಣ್ಣದು. ಬ್ಯಾಟರಿಯ ಮೈನಸ್ ಬಿಚ್ಚಿಯೇ ಪ್ಲಗ್ಗು ಕೂರಿಸಬೇಕು. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಎಸಿ ಹಾಕದೆ, ರೇಸ್ ಕೊಡದೆ ಐಡಲಿನಲ್ಲಿ ಬಿಟ್ಟರೆ ಕಂಪ್ಯೂಟರ್ ತನ್ನ ಗಾಳಿಯ ಲೆಕ್ಕವನ್ನು ಕಲಿಯುತ್ತದೆ. ಜೇವರ್ಗಿಯ ಕಾರಿಗೆ ಹೊಸ ಕಾಯಿಲು ಹಾಕಿ, ಸುಟ್ಟ ಪೆಟ್ಟಿಗೆಯ ಗುರುತನ್ನು ಮೂರನೆಯದಕ್ಕೆ ಬರೆದು, ಬಿಸಿಲೇರಿದ ಮೇಲೆ ಎಸಿ ಹಾಕಿಕೊಂಡು ರಿಂಗ್ ರೋಡಿನಲ್ಲಿ ಎರಡು ಸುತ್ತು ಹೊಡೆದೆ. ವಾಪಸ್ಸು ಬಂದು ಬಾನೆಟ್ ಎತ್ತಿ ಕಾಯಿಲಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಆಮೇಲಷ್ಟೇ ಬಿಲ್ಲು ಬರೆದೆ.